ಮೀಟರ್ ಕುಣಿದರೆ ಕುಣಿಯಲಿ ಬಿಡಿ

ಪಂಪ್‌ಹೌಸಿನ ಅಲ್ಟ್ರಾಸಾನಿಕ್ ಫ್ಲೋಮೀಟರಿನಲ್ಲಿ ಅಂಕಿ ಕುಣಿಯತೊಡಗಿದರೆ ಆಪರೇಟರ್ ಕೈ ಮೊದಲು ಹೋಗುವುದು ಡ್ಯಾಂಪಿಂಗ್, ಅಂದರೆ ಅಂಕಿಯ ಏರಿಳಿತ ತಗ್ಗಿಸುವ ಫಿಲ್ಟರಿನ ಮೆನುವಿಗೆ. 5 ಸೆಕೆಂಡ್ ಇದ್ದದ್ದನ್ನು 60 ಮಾಡಿದರೆ ಅಂಕಿ ತೆಪ್ಪಗಾಗುತ್ತದೆ. ತಪಾಸಣೆಗೆ ಬಂದ ಸಾಹೇಬರಿಗೂ ಸಮಾಧಾನ. ಕೊಳವೆಯೊಳಗೆ ಮಾತ್ರ ಏನೂ ಬದಲಾಗಿರುವುದಿಲ್ಲ.

ಈ ಮೀಟರ್ ನಿಜಕ್ಕೂ ಅಳೆಯುವುದು ಕಾಲವನ್ನು. ಎರಡು ಸೆನ್ಸರ್‌ಗಳು ಸರದಿಯಂತೆ ಹರಿವಿನ ಜೊತೆಗೊಮ್ಮೆ, ಎದುರಿಗೊಮ್ಮೆ ಶಬ್ದದ ಅಲೆ ಕಳಿಸುತ್ತವೆ. ಜೊತೆಗೆ ಹೋದದ್ದು ತುಸು ಬೇಗ ತಲುಪುತ್ತದೆ. 100 ಮಿ.ಮೀ. ಕೊಳವೆಯನ್ನು ಅಲೆ 45 ಡಿಗ್ರಿ ಓರೆಯಲ್ಲಿ ದಾಟಲು ಸುಮಾರು 95 ಮೈಕ್ರೋಸೆಕೆಂಡ್ ಬೇಕು. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ ಎರಡು ಪಯಣಗಳ ಅಂತರ ಬರೀ 90 ನ್ಯಾನೊಸೆಕೆಂಡ್ ಆಸುಪಾಸು. ಇಷ್ಟು ಸಣ್ಣದನ್ನು ಕೆಡಿಸಲು ನಾಲ್ಕು ಗಾಳಿಗುಳ್ಳೆ ಸಾಕು, ಪಕ್ಕದ ಮೋಟರ್ ಡ್ರೈವಿನ ವಿದ್ಯುತ್ ಗದ್ದಲವೂ ಸಾಕು.

ಹಾಗಾಗಿ ಫಿಲ್ಟರ್ ಬೇಕೇ ಬೇಕು. ಗದ್ದಲ ಗೊತ್ತುಗುರಿಯಿಲ್ಲದ್ದಾದರೆ 100 ಅಳತೆಗಳ ಸರಾಸರಿ ಅದನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆ. ಆಗೊಮ್ಮೆ ಈಗೊಮ್ಮೆ ಚಿಮ್ಮುವ ಹುಚ್ಚು ಅಂಕಿಗೆ ಸರಾಸರಿಗಿಂತ, ಅಳತೆಗಳನ್ನು ಕ್ರಮವಾಗಿ ಜೋಡಿಸಿ ನಡುವಿನದನ್ನು ಆರಿಸುವ ಮೀಡಿಯನ್ ಫಿಲ್ಟರ್ ಮೇಲು. ಆದರೆ ಪ್ರತಿಯೊಂದಕ್ಕೂ ಬೆಲೆಯುಂಟು. ಡ್ಯಾಂಪಿಂಗ್ 60 ಸೆಕೆಂಡ್ ಎಂದರೆ ಹರಿವು ದಿಢೀರನೆ ಬದಲಾದಾಗ ಒಂದು ನಿಮಿಷದ ಬಳಿಕವೂ ಮೀಟರ್ ತೋರಿಸುವುದು ಆ ಬದಲಾವಣೆಯ ಶೇಕಡಾ 63 ಮಾತ್ರ. ಹೆಚ್ಚುಕಡಿಮೆ ಪೂರ್ತಿ ತೋರಿಸಲು ಐದು ನಿಮಿಷ. ತಿಂಗಳ ಲೆಕ್ಕಕ್ಕೆ ಇದು ನಡೆದೀತು. ಅದೇ ಸಿಗ್ನಲ್ ನಂಬಿ ವಾಲ್ವ್ ತಿರುಗಿಸುವ ಕಂಟ್ರೋಲರ್ ಇದ್ದರೆ, ಅದು ಹಳೆಯ ಸುದ್ದಿ ಓದಿ ಇವತ್ತಿನ ತೀರ್ಮಾನ ಮಾಡುತ್ತಿರುತ್ತದೆ. ದೊಡ್ಡ ಬದಲಾವಣೆ ಕಂಡಾಗ ತಾನಾಗಿಯೇ ಚುರುಕಾಗುವ ಫಿಲ್ಟರ್ ಇರುವ ಮೀಟರ್‌ಗಳೂ ಇವೆ, ಇದ್ದರೆ ಬಳಸಿ.

ಡ್ಯಾಂಪಿಂಗ್‌ಗಿಂತ ನನಗೆ ಹೆಚ್ಚು ಭಯ ಇನ್ನೆರಡು ಸೆಟ್ಟಿಂಗ್‌ಗಳದ್ದು. ಸಿಗ್ನಲ್ ತಪ್ಪಿದಾಗ ಕೊನೆಯ ಅಂಕಿಯನ್ನೇ ಹಿಡಿದಿಡುವ 'ಹೋಲ್ಡ್' ಸಮಯವನ್ನು ಉದ್ದ ಮಾಡಿದರೆ, ಕೊಳವೆ ಖಾಲಿಯಾದ ಮೇಲೂ ಕೆಲವು ಮೀಟರ್‌ಗಳು ಇಲ್ಲದ ನೀರನ್ನು ಒಟ್ಟು ಲೆಕ್ಕಕ್ಕೆ ಸೇರಿಸುತ್ತಲೇ ಇರುತ್ತವೆ. ಒಂದು ಮಿತಿಗಿಂತ ಕಡಿಮೆ ಹರಿವನ್ನು ಸೊನ್ನೆಯೆಂದೇ ಎಣಿಸುವ 'ಲೋ ಫ್ಲೋ ಕಟ್ಆಫ್' ಇದರ ತದ್ವಿರುದ್ಧ. ಆ ಮಿತಿಯನ್ನು ಮೇಲಕ್ಕೆ ಏರಿಸಿಟ್ಟರೆ ನಡುರಾತ್ರಿಯ ಸಣ್ಣ ಸೋರಿಕೆ ಸೊನ್ನೆಯಾಗಿ ಕಾಣುತ್ತದೆ. ಊರಿನ ನೀರಿನ ಜಾಲದಲ್ಲಿ ಸೋರಿಕೆ ಪತ್ತೆ ಮಾಡುವವರು ನೋಡುವುದು ಆ ರಾತ್ರಿಯ ಅಂಕಿಯನ್ನೇ!

ಆದ್ದರಿಂದ ಅಂಕಿ ಕುಣಿದಾಗ ಮೆನುವಿಗೆ ಕೈಹಾಕುವ ಮುನ್ನ ಸಿಗ್ನಲ್ ಬಲ ನೋಡಿ. ಅಲೆ ಕೊಳವೆಗೆ ದಾಟಲೆಂದು ಸೆನ್ಸರ್ ಅಡಿಗೆ ಹಚ್ಚಿದ ಜೆಲ್ ಒಣಗಿದೆಯೇ? ಗಾಳಿ ನಿಲ್ಲುವ ಕೊಳವೆಯ ನೆತ್ತಿಯ ಮೇಲೆ ಸೆನ್ಸರ್ ಕೂತಿದೆಯೇ? ಬಾಗು, ವಾಲ್ವ್‌ಗಳಿಗೆ ತೀರಾ ಹತ್ತಿರವಿದೆಯೇ? ಇವೆಲ್ಲ ಸರಿಯಿದ್ದೂ ಫಿಲ್ಟರ್ ಬದಲಿಸಲೇಬೇಕಾದರೆ, ಹಳೆಯ ಮೌಲ್ಯವನ್ನು ದಿನಾಂಕದೊಂದಿಗೆ ರಿಜಿಸ್ಟರಿನಲ್ಲಿ ಬರೆದಿಟ್ಟು ಬದಲಿಸಿ.