ಉಂಡ ಮನೆಯ ಜಂತೆ

ಹೊನ್ನವಳ್ಳಿ ಹೋಬಳಿಯಲ್ಲಿರುವ ನನ್ನ ಸೋದರಮಾವನ ತೋಟದ ಪಂಪ್‌ಹೌಸಿನಲ್ಲಿ ಬಹಳ ವರ್ಷ ಒಂದು ಚೌಕ ತಗಡಿನ ಡಬ್ಬ ಬಿದ್ದಿತ್ತು. ಮೋಟರು ನೀರೆತ್ತದೆ ಬರೀ ಗುಯ್‌ಗುಟ್ಟಿದಾಗ ಪೈಪಿಗೆ ನೀರು ಸುರಿಯಲು ಅದೇ, ಸಸಿಯ ಬುಡಕ್ಕೆ ಗೊಬ್ಬರ ಹೊರಲು ಅದೇ, ತೋಟದ ನಾಯಿಗೆ ನೀರಿಡಲೂ ಅದೇ. ಅದರ ಮೈಮೇಲೆ ಒಂದು ಗುರಾಣಿಯ ಚಿತ್ರ, ಗುರಾಣಿಯ ನಡುವೆ ಒಂದನ್ನೊಂದು ಹಿಡಿದ ಎರಡು ಕೈ. ಪಕ್ಕದಲ್ಲಿ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ: ಇದು ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ, ಬದಲು ಮಾಡಿಕೊಳ್ಳುವಂತಿಲ್ಲ. ಮಾವ ಅದನ್ನು ‘ಉಪ್ಪಿಟ್ಟಿನ ಡಬ್ಬ’ ಎನ್ನುತ್ತಿದ್ದರು. ಬಹಳ ದಿನ ನನಗೆ ಆ ಹೆಸರು ಯಾಕೆ ಬಂತೆಂದು ತಿಳಿದಿರಲಿಲ್ಲ.

ಕಥೆ ಇಷ್ಟೆ. 1960ರ ದಶಕದ ನಡುವೆ ಮಾವ ಪ್ರೈಮರಿ ಶಾಲೆಯ ಹುಡುಗ. ಮಧ್ಯಾಹ್ನ ಶಾಲೆಯ ಹಿಂದಿನ ಒಲೆಯ ಮೇಲೆ ಗೋಧಿ ನುಚ್ಚಿನ ಉಪ್ಪಿಟ್ಟು ಬೇಯುತ್ತಿತ್ತು. ಅಮೆರಿಕದ ‘ಕೇರ್’ ಸಂಸ್ಥೆ ಆಗಿನ ಮೈಸೂರು ರಾಜ್ಯದ ಶಾಲೆಗಳಿಗೆ ಕೊಡುತ್ತಿದ್ದ ನುಚ್ಚು, ಅದೇ ಸಂಸ್ಥೆಯ ಎಣ್ಣೆ, ಅದೇ ಸಂಸ್ಥೆಯ ಹಾಲಿನ ಪುಡಿ. ರಾಗಿ ಮುದ್ದೆಯ ಸೀಮೆ ಇದು. ಗೋಧಿ ಎಂದರೆ ಹಬ್ಬದ ಹೋಳಿಗೆಗೆ, ಇಲ್ಲವೇ ಡಾಕ್ಟರು ಹೇಳಿದರೆ ಕಾಯಿಲೆಯವರ ಚಪಾತಿಗೆ. ಎಣ್ಣೆ ಎಂದರೆ ಹುಚ್ಚೆಳ್ಳಿನದು, ಕಡಲೆಕಾಯಿಯದು. ಕೊಬ್ಬರಿ ಎಣ್ಣೆ ತಲೆಗೆ. ಈ ಬಣ್ಣವಿಲ್ಲದ, ವಾಸನೆಯಿಲ್ಲದ ಎಣ್ಣೆಯಲ್ಲಿ ಸಾಸಿವೆ ಸಿಡಿದರೂ ಘಮ ಬರುತ್ತಿರಲಿಲ್ಲವಂತೆ. ‘ಮೇಷ್ಟ್ರು ತೋಟದೋರ ಮನೆ ಹುಡುಗ್ರಿಗೆಲ್ಲ ಒಂದೊಂದು ಕಾಯಿ ತರೋಕೆ ಹೇಳೋರು ಕಣೋ. ಕಾಯಿ ತುರಿದು ಹಾಕಿದ್ ಮೇಲೆ ಅದು ನಮ್ಮೂರ್ ಉಪ್ಪಿಟ್ಟಾಗೋದು’ ಎಂದು ಮಾವ ಈಗಲೂ ಬಾಯಿ ಚಪ್ಪರಿಸುತ್ತಾರೆ. ಹಾಲಿನ ಪುಡಿಯನ್ನು ನೀರಿಗೆ ಬೆರೆಸುವ ಮೊದಲೇ ಕದ್ದು ಬಾಯಿಗೆ ಹಾಕಿಕೊಂಡರೆ ಅದು ಅಂಗುಳಕ್ಕೆ ಅಂಟಿಕೊಂಡು, ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾಗದೆ ಸಿಕ್ಕಿಬೀಳುತ್ತಿದ್ದರು. ಎಣ್ಣೆ ಮುಗಿದ ಡಬ್ಬಗಳು ಊರಿನ ಮನೆಮನೆ ಸೇರಿದವು. ಬದಲು ಮಾಡಿಕೊಳ್ಳುವಂತಿಲ್ಲ ಎಂಬ ಮಾತನ್ನು ಯಾರೂ ಓದಿಕೊಳ್ಳಲಿಲ್ಲ.

ಎರಡನೇ ಮಹಾಯುದ್ಧದ ನಂತರದ ಶೀತಲ ಸಮರ ಎಂದರೆ ನಮಗೆ ಬರ್ಲಿನ್ ಗೋಡೆ, ಕ್ಯೂಬಾದ ಕ್ಷಿಪಣಿ, ವಿಯೆಟ್ನಾಮಿನ ಕಾಡು ನೆನಪಾಗುತ್ತವೆ. ಹೊನ್ನವಳ್ಳಿಗೆ ಅದು ಬಂದದ್ದು ಉಪ್ಪಿಟ್ಟಾಗಿ. ಹಸಿದವರು ಕಮ್ಯುನಿಸ್ಟರಾಗುತ್ತಾರೆ ಎಂಬ ಭಯ ಒಂದು ಕಡೆ, ತಮ್ಮ ಕಣಜಗಳಲ್ಲಿ ಮಿಕ್ಕಿ ಕೊಳೆಯುವ ಗೋಧಿಯನ್ನು ಏನು ಮಾಡುವುದೆಂಬ ಚಿಂತೆ ಇನ್ನೊಂದು ಕಡೆ. ಎರಡಕ್ಕೂ ಒಂದೇ ಮದ್ದು ಎಂಬಂತೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಜುಲೈನಲ್ಲಿ ಒಂದು ಕಾಯ್ದೆಗೆ ಸಹಿ ಹಾಕಿದರು. ಅದೇ ಪಬ್ಲಿಕ್ ಲಾ 480. ನಮ್ಮವರ ಬಾಯಲ್ಲಿ ಪಿ.ಎಲ್. 480. ಭಾರತ 1956ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. 1960ರ ಮೇ ತಿಂಗಳಲ್ಲಿ ಆಹಾರ ಮಂತ್ರಿ ಎಸ್.ಕೆ. ಪಾಟೀಲರು ಸಹಿ ಹಾಕಿದ ಒಪ್ಪಂದವಂತೂ ದೊಡ್ಡದು: ನಾಲ್ಕು ವರ್ಷದಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. ಡಾಲರ್ ಕೊಡಬೇಕಿಲ್ಲ, ರೂಪಾಯಿ ಕೊಟ್ಟರೆ ಸಾಕು, ಆ ರೂಪಾಯಿಯೂ ಭಾರತದಲ್ಲೇ ಇರುತ್ತದೆ. ಇಂಥ ವ್ಯಾಪಾರ ತಿಪಟೂರಿನ ಕೊಬ್ಬರಿ ಮಂಡಿಯಲ್ಲೂ ಕುದುರುವುದಿಲ್ಲ!

ಆದರೆ ಗೋಧಿಗೆ ಲೆಕ್ಕ ಹಚ್ಚುವುದು ಈ ಕಾಯ್ದೆಗಿಂತ ಹಳೆಯ ಚಾಳಿ. ಅದರ ಮೊದಲ ಅಧ್ಯಾಯದಲ್ಲಿ ನಮ್ಮ ಕರಾವಳಿಯವರೊಬ್ಬರಿದ್ದಾರೆ: ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು. ಸಂವಿಧಾನದ ಕರಡಿಗೆ ತಳಹದಿ ಹಾಕಿಕೊಟ್ಟವರೆಂದು ಅವರನ್ನು ಬಲ್ಲೆವು. ಆಮೇಲೆ ವಿಶ್ವಸಂಸ್ಥೆಯಲ್ಲಿ ಅವರೇನು ಮಾಡಿದರೆಂಬುದು ಅಷ್ಟು ಮಂದಿಗೆ ಗೊತ್ತಿಲ್ಲ. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿದಾಗ ಭದ್ರತಾ ಮಂಡಳಿಯ ಆ ತಿಂಗಳ ಅಧ್ಯಕ್ಷರು ಇದೇ ರಾಯರು. ಕಮ್ಯುನಿಸ್ಟ್ ಚೀನಾಕ್ಕೆ ಸ್ಥಾನ ಕೊಡಲಿಲ್ಲವೆಂದು ರಷ್ಯಾದ ಪ್ರತಿನಿಧಿ ಸಭೆಗೇ ಬರುತ್ತಿರಲಿಲ್ಲ, ಹಾಗಾಗಿ ವೀಟೊ ಹಾಕುವವರಿರಲಿಲ್ಲ. ದಾಳಿಯನ್ನು ಖಂಡಿಸಿದ ಆ ದಿನದ ನಿರ್ಣಯಕ್ಕೆ ಭಾರತ ಕೈ ಎತ್ತಿತು. ಅಮೆರಿಕ ಹಿಗ್ಗಿತು.

ಆ ಹಿಗ್ಗು ಎಂಟು ತಿಂಗಳೂ ಉಳಿಯಲಿಲ್ಲ. ಚೀನಾ ಯುದ್ಧಕ್ಕೆ ಇಳಿದ ಮೇಲೆ ಅದನ್ನು ಆಕ್ರಮಣಕಾರ ಎಂದು ಸಾರುವ ನಿರ್ಣಯ 1951ರ ಫೆಬ್ರವರಿ 1ರಂದು ಮಹಾಸಭೆಯಲ್ಲಿ ಮತಕ್ಕೆ ಬಂತು. ಹಾಗೆ ಸಾರಿದರೆ ಕದನವಿರಾಮದ ಬಾಗಿಲೇ ಮುಚ್ಚುತ್ತದೆ ಎಂಬುದು ದೆಹಲಿಯ ನಿಲುವು. ಪರ 44, ವಿರುದ್ಧ 7. ಆ ಏಳರಲ್ಲಿ ಐದು ರಷ್ಯಾದ ಪಾಳೆಯದವು, ಉಳಿದೆರಡು ಬರ್ಮಾ ಮತ್ತು ಭಾರತ. ಅದೇ ಹೊತ್ತಿನಲ್ಲಿ ಭಾರತ 20 ಲಕ್ಷ ಟನ್ ಧಾನ್ಯ ಕೇಳಿ ವಾಷಿಂಗ್ಟನ್ನಿನ ಬಾಗಿಲಲ್ಲಿ ನಿಂತಿತ್ತು. ಅಲ್ಲಿನ ಸಂಸದರು ತಿಂಗಳುಗಟ್ಟಲೆ ಎಳೆದಾಡಿದರು. ನಡುವೆ ರಷ್ಯಾ 50,000 ಟನ್ ಗೋಧಿ ಕೊಡುತ್ತೇನೆಂದು ಮುಂದೆ ಬಂತು. ಟ್ರೂಮನ್ ಸಹಿ ಬಿದ್ದದ್ದು ಜೂನ್ ಮಧ್ಯದಲ್ಲಿ, ಅದೂ ದಾನವಾಗಿ ಅಲ್ಲ, 19 ಕೋಟಿ ಡಾಲರ್ ಸಾಲವಾಗಿ.

‘ಉಂಡ ಮನೆಯ ಜಂತೆ ಎಣಿಸಬಾರದು’ ಎನ್ನುತ್ತಾರೆ ನಮ್ಮ ಕಡೆ. ಹೊಟ್ಟೆ ತುಂಬ ಉಂಡು, ಮೇಲೆ ನೋಡುತ್ತ ಜಂತೆ ಎಷ್ಟಿವೆ, ಯಾವುದಕ್ಕೆ ಗೆದ್ದಲು ಹಿಡಿದಿದೆ ಎಂದು ಲೆಕ್ಕ ಹಾಕುವವನು ಕೃತಘ್ನ. ಭಾರತದ ಬಗ್ಗೆ ಅಮೆರಿಕದ ದೂರು ಕನ್ನಡಕ್ಕಿಳಿಸಿದರೆ ಇಷ್ಟೇ ಆಗುತ್ತದೆ. ನಾನು ಆ ದೂರನ್ನು ಪೂರ್ತಿ ತಳ್ಳಿಹಾಕುವವನಲ್ಲ. ಬಂದ ಗೋಧಿ ನಿಜ, ಅದನ್ನು ಉಂಡು ಬದುಕಿದವರೂ ನಿಜ. ಆದರೆ ಬಡಿಸುವವನು ತುತ್ತು ಎಣಿಸತೊಡಗಿದರೆ ಉಣ್ಣುವವನ ಕಣ್ಣು ಜಂತೆಯ ಕಡೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ತುತ್ತು ಎಣಿಸಿದ್ದು ಹೇಗೆಂಬುದನ್ನು 1965ರಿಂದ 67ರವರೆಗಿನ ವರ್ಷಗಳಲ್ಲಿ ನೋಡಬೇಕು. ಸಾಲಾಗಿ ಎರಡು ವರ್ಷ ಮಳೆ ಕೈಕೊಟ್ಟಿತ್ತು, ನಡುವೆ ಪಾಕಿಸ್ತಾನದ ಜೊತೆ ಯುದ್ಧ. ಪ್ರಧಾನಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದರು. ಸೋಮವಾರ ಸಂಜೆ ಮನೆಗಳಲ್ಲಿ ಒಲೆ ಹೊತ್ತಲಿಲ್ಲ, ಹೋಟೆಲುಗಳು ಬಾಗಿಲು ಹಾಕಿದವು. 1966ರಲ್ಲಿ ಹೊರಗಿನಿಂದ ಬಂದ ಧಾನ್ಯ ಸುಮಾರು 1 ಕೋಟಿ ಟನ್, ಅದರಲ್ಲಿ ಹೆಚ್ಚಿನ ಪಾಲು ಅಮೆರಿಕದ್ದು. ಅಧ್ಯಕ್ಷ ಲಿಂಡನ್ ಜಾನ್ಸನ್ ವರ್ಷಗಳ ಒಪ್ಪಂದವನ್ನು ಬಿಟ್ಟು ತಿಂಗಳ ಲೆಕ್ಕಕ್ಕೆ ಇಳಿದರು. ಒಂದು ಕಂತು ಹಡಗೇರಿದ ಮೇಲೆ ಮುಂದಿನದಕ್ಕೆ ಅವರ ಒಪ್ಪಿಗೆ ಕಾಯಬೇಕು. ಬೇಸಾಯದ ನೀತಿ ಬದಲಿಸಿ ಎಂಬುದು ಒಂದು ಷರತ್ತು. ಅದಕ್ಕೆ ಮಂತ್ರಿ ಸಿ. ಸುಬ್ರಮಣ್ಯಂ ಮೊದಲೇ ತಯಾರಿದ್ದರು, 1966ರಲ್ಲೇ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿದರು. ಇನ್ನೊಂದು ಷರತ್ತು ಕಾಗದದ ಮೇಲಿರಲಿಲ್ಲ. ಅದು ವಿಯೆಟ್ನಾಂ. ಆ ಜುಲೈನಲ್ಲಿ ಇಂದಿರಾ ಗಾಂಧಿ ಮಾಸ್ಕೋಗೆ ಹೋಗಿ, ಉತ್ತರ ವಿಯೆಟ್ನಾಮಿನ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಿ ಎಂಬ ಜಂಟಿ ಹೇಳಿಕೆಗೆ ಸೇರಿದ ಮೇಲೆ ಶ್ವೇತಭವನದ ಕೈ ಇನ್ನಷ್ಟು ಬಿಗಿಯಾಯಿತು. ಅಲ್ಲಿ ಆ ಕೈ ಬಿಗಿಯಾದರೆ ಇಲ್ಲಿ ಡಬ್ಬದ ಮೇಲಿನ ಎರಡು ಕೈಗೆ ಏನಾಗುತ್ತದೆ ಎಂದು ಹೊನ್ನವಳ್ಳಿಯ ಹುಡುಗರಿಗೆ ತಿಳಿಯುವಂತಿರಲಿಲ್ಲ. ಮಾವನಿಗೆ ನೆನಪಿರುವುದು, ಕೆಲವು ವಾರ ಹಾಲು ಇರುತ್ತಿತ್ತು, ಕೆಲವು ವಾರ ಇರುತ್ತಿರಲಿಲ್ಲ ಎಂಬುದಷ್ಟೇ. ಅದಕ್ಕೆ ಹಡಗು ಕಾರಣವೋ ಹತ್ತಿರದ ಯಾರಾದರೂ ಕಾರಣವೋ, ಹೇಳುವವರಿಲ್ಲ.

1971ರಲ್ಲಿ ಆಟವೇ ಬದಲಾಯಿತು. ಆಗಸ್ಟಿನಲ್ಲಿ ರಷ್ಯಾದೊಂದಿಗೆ ಮೈತ್ರಿ ಒಪ್ಪಂದ, ಡಿಸೆಂಬರಿನಲ್ಲಿ ಯುದ್ಧ, ಬಂಗಾಳ ಕೊಲ್ಲಿಯತ್ತ ಅಮೆರಿಕದ ಏಳನೇ ನೌಕಾಪಡೆ. ರಿಯಾಯಿತಿ ಗೋಧಿ ಅಲ್ಲಿಗೆ ನಿಂತಿತು. 1973ರಲ್ಲಿ ಮತ್ತೆ ಕೊರತೆ ಬಿದ್ದಾಗ 20 ಲಕ್ಷ ಟನ್ ಧಾನ್ಯ ಸಾಲ ಕೊಟ್ಟದ್ದು ರಷ್ಯಾ.

ಇಷ್ಟೂ ವರ್ಷ ಗೋಧಿಯ ಬೆಲೆಯೆಂದು ಕೊಟ್ಟ ರೂಪಾಯಿ ಅಮೆರಿಕದ ಖಾತೆಯಲ್ಲಿ ಬೆಳೆಯುತ್ತಲೇ ಇತ್ತು. ಅದನ್ನು ತೆಗೆದರೆ ನಮ್ಮ ಹಣದ ವ್ಯವಸ್ಥೆ ಅಲ್ಲಾಡುತ್ತದೆ, ಇಟ್ಟರೆ ನಮ್ಮ ಮಾನ ಅಲ್ಲಾಡುತ್ತದೆ. ಕೊನೆಗೆ 1974ರ ಫೆಬ್ರವರಿ 18ರಂದು ರಾಯಭಾರಿ ಮೊಯ್ನಿಹಾನ್ ದೆಹಲಿಯಲ್ಲಿ 1,664 ಕೋಟಿ ರೂಪಾಯಿಯ ಒಂದೇ ಚೆಕ್ ಬರೆದು ಭಾರತ ಸರ್ಕಾರಕ್ಕೆ ಮರಳಿಸಿದರು. ಅಷ್ಟು ದೊಡ್ಡ ಚೆಕ್ಕನ್ನು ಅಲ್ಲಿಯವರೆಗೆ ಯಾರೂ ಬರೆದಿರಲಿಲ್ಲ ಎಂದು ಗಿನ್ನೆಸ್ ಪುಸ್ತಕದಲ್ಲೂ ಸೇರಿತು.

ಆ ರೂಪಾಯಿಯ ಒಂದು ಸಣ್ಣ ಪಾಲು ಮಾತ್ರ ಬೇರೆ ದಾರಿ ಹಿಡಿದಿತ್ತು, ನನಗೆ ತುಂಬ ಇಷ್ಟವಾದ ದಾರಿ. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದೇ ಗೋಧಿ ದುಡ್ಡಿನಲ್ಲಿ ಭಾರತೀಯ ಭಾಷೆಗಳ ಹೊಸ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚತೊಡಗಿತು. ಅದರಲ್ಲಿ ಕನ್ನಡವೂ ಇತ್ತು. ಮೈಸೂರು, ಧಾರವಾಡ, ಬೆಂಗಳೂರಿನ ಪ್ರಕಾಶಕರ ಕಾದಂಬರಿ, ಕವನ, ವ್ಯಾಕರಣ, ಎಲ್ಲ ಶಿಕಾಗೊ, ವಿಸ್ಕಾನ್ಸಿನ್, ಬರ್ಕ್ಲಿ ಸೇರಿದವು. ಎ.ಕೆ. ರಾಮಾನುಜನ್ ಶಿಕಾಗೊದಲ್ಲಿ ಪಾಠ ಹೇಳುತ್ತಿದ್ದ ಕಾಲವದು. ನಮ್ಮ ಜಿಲ್ಲಾ ಗ್ರಂಥಾಲಯದಲ್ಲಿ ಹುಡುಕಿದರೂ ಸಿಗದ ಕನ್ನಡ ಪುಸ್ತಕ ಸಮುದ್ರದಾಚೆಯ ಕಪಾಟಿನಲ್ಲಿ ಗೆದ್ದಲಿಲ್ಲದೆ ಕೂತಿರುವುದಕ್ಕೆ ಮಾವನ ಶಾಲೆಯ ಉಪ್ಪಿಟ್ಟಿನ ಬಳಗದ ಗೋಧಿಯೇ ಕಾರಣ.

ರಷ್ಯಾ ಬಂದ ದಾರಿ ಇದಕ್ಕೆ ಉಲ್ಟಾ. ಅವರು ಅಲ್ಲೇ ಅಚ್ಚು ಹಾಕಿ ಇಲ್ಲಿಗೆ ಕಳಿಸಿದರು. ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಮಾಸ್ಕೋದಲ್ಲೇ ಕನ್ನಡದಲ್ಲಿ ಮುದ್ರಣವಾದ ಪುಸ್ತಕಗಳು ಬಿಡಿಗಾಸಿಗೆ ಸಿಗುತ್ತಿದ್ದವು. ‘ಸೋವಿಯತ್ ಲ್ಯಾಂಡ್’ ಪತ್ರಿಕೆ ಕನ್ನಡದಲ್ಲೂ ಬರುತ್ತಿತ್ತು. ಒಳಗೇನಿತ್ತು ಎಂದು ನೆನಪಿಟ್ಟುಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. ಅದರ ನುಣುಪು ಕಾಗದ ನೋಟ್‌ಬುಕ್ಕಿನ ರಟ್ಟಿಗೆ ಎಷ್ಟು ಚೆನ್ನಾಗಿ ಕೂರುತ್ತಿತ್ತು ಎಂಬುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ. ಅಂದರೆ ಒಂದು ಮಹಾಶಕ್ತಿಯ ಉಪ್ಪಿಟ್ಟು ತಿಂದು, ಇನ್ನೊಂದು ಮಹಾಶಕ್ತಿಯ ರಟ್ಟು ಹಾಕಿದ ಪುಸ್ತಕದಲ್ಲಿ ಮಗ್ಗಿ ಬರೆದರು ನಮ್ಮವರು. ಅಲಿಪ್ತ ನೀತಿಯನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರ್ ವಿವರಿಸಿಯಾನು!

ಮಾವ ಆ ಕಾಲದ ಒಂದು ಸಾಕ್ಷಿಯನ್ನು ಇವತ್ತಿಗೂ ಕೈಯಾರೆ ಕೀಳುತ್ತಾರೆ. ಮುಂಗಾರು ಹನಿದು ಎರಡು ವಾರವಾದರೆ ಸಾಕು, ತೆಂಗಿನ ಸಾಲಿನ ನಡುವೆ, ಬದುವಿನ ಮೇಲೆ, ರಸ್ತೆ ಬದಿಯಲ್ಲಿ ಕಾಂಗ್ರೆಸ್ ಗಿಡ ಎದ್ದು ನಿಲ್ಲುತ್ತದೆ. ಪಾರ್ಥೇನಿಯಂ. ತುದಿಯ ಬಿಳಿ ಹೂವು ಗಾಂಧಿ ಟೋಪಿಯಂತೆ ಕಾಣುವುದರಿಂದ ಆ ಹೆಸರು ಎನ್ನುತ್ತಾರೆ ಕೆಲವರು, ಕಾಂಗ್ರೆಸ್ ಸರ್ಕಾರ ತರಿಸಿದ ಗೋಧಿಯ ಜೊತೆ ಬಂದದ್ದರಿಂದ ಎನ್ನುತ್ತಾರೆ ಹಲವರು. ಪುಣೆಯಲ್ಲಿ ಇದನ್ನು ಗುರುತಿಸಿದ್ದು 1950ರ ದಶಕದ ನಡುವಿನಲ್ಲಿ. ಅಮೆರಿಕದ ಗೋಧಿ ಮೂಟೆಯಲ್ಲಿ ಇದರ ಬೀಜ ಬಂತು ಎಂಬ ಮಾತು ಊರೂರಲ್ಲೂ ಬೇರು ಬಿಟ್ಟಿದೆ. ಸಸ್ಯಶಾಸ್ತ್ರದವರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ: 19ನೇ ಶತಮಾನದ ಆರಂಭದಲ್ಲೇ ಕಲ್ಕತ್ತದ ಸಸ್ಯೋದ್ಯಾನದ ಪಟ್ಟಿಯಲ್ಲಿ ಇದರ ಹೆಸರಿತ್ತು ಎಂದು ತೋರಿಸುತ್ತಾರೆ. ಹೇಗೇ ಬಂದಿರಲಿ, ಹಬ್ಬಿದ್ದು ಗೋಧಿ ಓಡಾಡಿದ ಕಾಲದಲ್ಲೇ. ಕೈಗೆ ತಾಗಿದರೆ ತುರಿ, ಹೂಬಿಟ್ಟಾಗ ಉಬ್ಬಸ. ಮಾವ ಹೂಬಿಡುವ ಮೊದಲೇ, ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿಕೊಂಡು, ಬುಡ ಹಿಡಿದು ಎಳೆಯುತ್ತಾರೆ. ಮಳೆ ಬಿದ್ದ ಮಾರನೇ ದಿನ ಬೇರು ಸಮೇತ ಬರುತ್ತದೆ, ಒಂದು ದಿನ ತಡವಾದರೆ ಕಾಂಡ ಮುರಿದು ಬುಡ ಅಲ್ಲೇ ಉಳಿಯುತ್ತದೆ.

ಇದಕ್ಕೆ ಎದುರಾಗಿ ರಷ್ಯಾದಿಂದ ಬಂದ ಗಿಡವೂ ಒಂದಿದೆ. ಸೂರ್ಯಕಾಂತಿ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಎಣ್ಣೆ ತಳಿಗಳ ಬೀಜ ಬಂತು, ಇ.ಸಿ. 68414, ಇ.ಸಿ. 68415 ಎಂಬ ನಂಬರಿನವು. ಕೆಲವೇ ವರ್ಷಗಳಲ್ಲಿ ಕರ್ನಾಟಕ ಸೂರ್ಯಕಾಂತಿಯ ಮುಂಚೂಣಿ ರಾಜ್ಯವಾಯಿತು.

ಮೂರನೆಯ ಅತಿಥಿ ಬಂದದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೂಲಕ. ಕಾಂಗ್ರೆಸ್ ಗಿಡದ ತವರು ಮೆಕ್ಸಿಕೊ ಕೊಲ್ಲಿಯ ಸೀಮೆ. ಅದನ್ನು ತಿನ್ನುವ ಕೀಟವೂ ಅಲ್ಲೇ ಇರಬೇಕಲ್ಲ ಎಂದು 1983ರಲ್ಲಿ ಮೆಕ್ಸಿಕೊದಿಂದ ಒಂದು ಜೀರುಂಡೆ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನ ಬಯಲಿಗೆ ಬಿಟ್ಟರು. ಬೆರಳ ಉಗುರಿಗಿಂತ ಚಿಕ್ಕದು, ಕೆನೆ ಬಣ್ಣದ ಬೆನ್ನ ಮೇಲೆ ಕಂದು ಗೆರೆ. ಗೋಧಿ ಬೀಜ ಮೆಕ್ಸಿಕೊದ್ದು, ಕಳೆ ಮೆಕ್ಸಿಕೊದ್ದು, ಹುಳ ಮೆಕ್ಸಿಕೊದ್ದು. 1998ರ ನಂತರ ನಮ್ಮ ತೆಂಗನ್ನು ಹಿಡಿದು ಕಾಯಿ ಸುಕ್ಕುಗಟ್ಟಿಸಿದ ನುಸಿಯನ್ನೂ ವಿಜ್ಞಾನಿಗಳು ಮೊದಲು ವಿವರಿಸಿದ್ದು ಮೆಕ್ಸಿಕೊದ ತೆಂಗಿನ ಮೇಲೆ, 1965ರಲ್ಲಿ! ಮಾವನಿಗೆ ಇದನ್ನು ಹೇಳಿದಾಗ, ‘ಹಂಗಾದ್ರೆ ನಾವು ಜಗಳ ಆಡ್ಬೇಕಾಗಿದ್ದು ಆ ಊರೋರ್ ಜೊತೆ’ ಎಂದರು.

ಜೀರುಂಡೆ ಬೆಂಗಳೂರಿನ ಸುತ್ತ ಬೇಗ ಹಬ್ಬಿತು, ಮಳೆಗಾಲದಲ್ಲಿ ಕಾಂಗ್ರೆಸ್ ಗಿಡವನ್ನು ಬರೀ ಕಡ್ಡಿ ಮಾಡಿ ನಿಲ್ಲಿಸಿತು. ಅಷ್ಟರಲ್ಲಿ 1991ರ ಸುಮಾರಿಗೆ ಗುಲ್ಲೆದ್ದಿತು: ಹುಳ ಸೂರ್ಯಕಾಂತಿಯನ್ನೂ ತಿನ್ನುತ್ತಿದೆ. ರೈತರು ಗಾಬರಿಯಾದರು, ಹುಳ ಬಿಡುವುದು ನಿಂತಿತು, ಕೇಂದ್ರ ಸರ್ಕಾರ ತನಿಖೆಗೆ ಸಮಿತಿ ಮಾಡಿತು. ಹೆಸರಘಟ್ಟದ ವಿಜ್ಞಾನಿಗಳು ಎಲೆಗಳನ್ನು ತಂದು ಕೂಡಿಹಾಕಿ ನೋಡಿದರು. ಶುದ್ಧ ಸೂರ್ಯಕಾಂತಿ ಎಲೆಯನ್ನು ಜೀರುಂಡೆ ಮೂಸಿ ಬಿಡುತ್ತಿತ್ತು. ತಿನ್ನುತ್ತಿದ್ದದ್ದು ಹೊಲದ ಬದಿಯ ಕಾಂಗ್ರೆಸ್ ಗಿಡದ ಪರಾಗ ಗಾಳಿಗೆ ಹಾರಿ ಬಂದು ಕೂತಿದ್ದ ಎಲೆಗಳನ್ನು.