ಮನೆ ಹುಡುಕುವಾಗ ಬಾಗಿಲಿನ ದಿಕ್ಕು ನೋಡಬೇಕಾ, ನೀರಿನ ದಾರಿ ನೋಡಬೇಕಾ?

ಏಪ್ರಿಲ್, ಮೇ ಬಂತೆಂದರೆ ಮನೆ ಹುಡುಕುವವರ ಓಡಾಟ ಜೋರು. ವರ್ಗಾವಣೆ ಆಗಿರುತ್ತದೆ, ಜೂನ್‌ಗೆ ಮಕ್ಕಳ ಶಾಲೆ ಶುರುವಾಗುತ್ತದೆ, ಅಷ್ಟರೊಳಗೆ ಹೊಸ ಊರಲ್ಲಿ ಮನೆ ಆಗಬೇಕು. ಇದೇ ಹೊತ್ತಿಗೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ‘ಮನೆ ನೋಡುವ ಮುನ್ನ ತಪ್ಪದೇ ಓದಿ’ ಎಂಬ ಪಟ್ಟಿಗಳೂ ಓಡಾಡುತ್ತವೆ. ದಕ್ಷಿಣದ ಬಾಗಿಲು ಬೇಡ, ನೀರಿನ ಟಿಡಿಎಸ್ 50ಕ್ಕಿಂತ ಕಡಿಮೆ ಇರಲಿ, ಭೋಗ್ಯಕ್ಕೆ ಹಾಕಿಕೊಂಡರೆ ಬಾಡಿಗೆಯೇ ಉಳಿಯಿತು... ಹೀಗೆ.

ಇಲ್ಲೊಂದು ತೊಡಕಿದೆ. ನಾವು ಮನೆ ನೋಡುವುದು ಮಳೆಗಾಲಕ್ಕೆ ಮುಂಚಿನ ಬೇಸಿಗೆಯಲ್ಲಿ. ಗೋಡೆ ಒಣಗಿರುತ್ತದೆ, ಚರಂಡಿ ಖಾಲಿ, ಹೊಳೆ ಸಣ್ಣಗೆ ಹರಿಯುತ್ತಿರುತ್ತದೆ. ಸಾಮಾನು ಇಳಿಸಿ ತಿಂಗಳು ಕಳೆಯುವುದರೊಳಗೆ ಮಳೆ ಹಿಡಿಯುತ್ತದೆ. ಶಿವಮೊಗ್ಗ, ಭದ್ರಾವತಿ, ಹೊಳಲೂರು ಕಡೆಗೆ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಒಂದೊಂದಾಗಿ ನೋಡೋಣ. ಊರು ಬೇರೆಯಾದರೂ ಲೆಕ್ಕ ಹೆಚ್ಚುಕಡಿಮೆ ಇದೇ.

‘ದಕ್ಷಿಣಕ್ಕೆ ಬಾಗಿಲಿದ್ದರೆ ಆ ಮನೆ ಬೇಡ’

ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಬಾಗಿಲಿನ ದಿಕ್ಕಿನಿಂದ ಕಾಯಿಲೆ ಅಥವಾ ನಷ್ಟ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ದಿಕ್ಕಿಗೂ ಮನೆಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಆ ಸಂಬಂಧ ಇರುವುದು ಬಿಸಿಲು ಮತ್ತು ಮಳೆಯ ಜೊತೆ.

ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಬಿಸಿಲು ಬೀಳುವುದು ಚಾವಣಿಗೆ, ದಕ್ಷಿಣದ ಗೋಡೆಗಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆಗ ದಕ್ಷಿಣದ ಕಿಟಕಿಯಿಂದ ಹದವಾದ ಬಿಸಿಲು ಒಳಗೆ ಬರುತ್ತದೆ. ಚಳಿಗಾಲಕ್ಕೆ ಅದು ಒಳ್ಳೆಯದೇ.

ಬೇಸಿಗೆಯಲ್ಲಿ ನಿಜಕ್ಕೂ ಕಾಡುವುದು ಪಶ್ಚಿಮದ ಗೋಡೆ. ಮಧ್ಯಾಹ್ನದಿಂದ ಸಂಜೆವರೆಗೆ ಓರೆ ಬಿಸಿಲು ಕುಡಿದು, ರಾತ್ರಿಯಿಡೀ ಅದನ್ನು ಕೋಣೆಯೊಳಗೆ ಬಿಡುತ್ತದೆ. ಮುಂಗಾರಿನ ಗಾಳಿ ಬೀಸುವುದೂ ಪಶ್ಚಿಮ ಮತ್ತು ನೈಋತ್ಯದಿಂದಲೇ. ಆದ್ದರಿಂದ ಪಶ್ಚಿಮಕ್ಕೆ ಕಿಟಕಿ ಇದ್ದರೆ ಮೇಲೆ ಸಜ್ಜಾ ಇದೆಯೇ, ಮಲಗುವ ಕೋಣೆ ಆ ಕಡೆಗಿದೆಯೇ ನೋಡಿ. ದಕ್ಷಿಣದ ಬಾಗಿಲಿನ ಮನೆ ಬೇಡ ಎನ್ನುವವರು ಹೆಚ್ಚಿದ್ದರೆ, ನಿಮಗೆ ಬಾಡಿಗೆ ಚೌಕಾಸಿಗೆ ಅದೊಂದು ಅವಕಾಶ ಎಂದುಕೊಳ್ಳಿ.

‘ಹೊಳೆಯಿಂದ ದೂರ ಇದ್ದರೆ ನೆರೆಯ ಭಯವಿಲ್ಲ’

ಇದು ಅರ್ಧ ಸತ್ಯ. ನೆರೆ ನೋಡುವುದು ದೂರವನ್ನಲ್ಲ, ಎತ್ತರವನ್ನು. ಹೊಳೆಗೆ ಹತ್ತಿರವಿದ್ದರೂ ದಿಬ್ಬದ ಮೇಲಿನ ಮನೆಗೆ ಏನೂ ಆಗದೇ ಇರಬಹುದು. ದೂರವಿದ್ದರೂ ತಗ್ಗಿನ ಬಡಾವಣೆಗೆ ನೀರು ನುಗ್ಗಬಹುದು. ಹೊಳೆ ತುಂಬಿದಾಗ ಊರಿನ ಚರಂಡಿ, ರಾಜಕಾಲುವೆಗಳ ನೀರು ಹೊಳೆಗೆ ಇಳಿಯಲು ಜಾಗವೇ ಇರುವುದಿಲ್ಲ. ಅದು ಹಿಂದಕ್ಕೆ ಒತ್ತಿ ಬೀದಿಗೆ ಬರುತ್ತದೆ.

ಈ ಮೂರು ಊರುಗಳ ನೀರಿನ ಸ್ವಭಾವವೂ ಬೇರೆ ಬೇರೆ.

ಶಿವಮೊಗ್ಗದ ನೆರೆ ತುಂಗೆಯದು. ನಗರದ ಮೇಲ್ಭಾಗದ ಗಾಜನೂರು ಅಣೆಕಟ್ಟೆಯಲ್ಲಿ ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ ನೀರು ಮಾತ್ರ. ಅದು ಬೇಗ ತುಂಬುತ್ತದೆ, ತುಂಬಿದ ಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆಯಿಂದ ಬಂದ ನೀರನ್ನು ಬಿಡಲೇಬೇಕು. ಅಂದರೆ ಶಿವಮೊಗ್ಗದಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಹೊಯ್ದರೆ ತುಂಗೆ ಏರುತ್ತದೆ. ಊರಿನವರು ಕೋರ್ಪಲಯ್ಯ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿ ಅಂದಾಜು ಮಾಡುವುದು ಇದಕ್ಕೇ. 2019ರ ಆಗಸ್ಟ್‌ನಲ್ಲಿ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿ ಹಲವು ಮನೆಗಳು ಹಾಳಾಗಿದ್ದವು.

ಭದ್ರಾವತಿಯದು ಬೇರೆ ಕಥೆ. ಮೇಲಿರುವ ಲಕ್ಕವಳ್ಳಿಯ ಭದ್ರಾ ಜಲಾಶಯ 71 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ. ಮಳೆಗಾಲದ ಮೊದಲ ವಾರಗಳ ನೀರನ್ನು ಅದು ನುಂಗಿಕೊಳ್ಳುತ್ತದೆ. ಅಪಾಯ ಬರುವುದು ಜಲಾಶಯ ತುಂಬಿ ಗೇಟು ತೆಗೆದಾಗ. ಜೂನ್‌ನಲ್ಲಿ ಏನೂ ಆಗಲಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಹೊಳಲೂರು ಇರುವುದು ಕೂಡಲಿಯ ಕೆಳಗೆ, ಹೊನ್ನಾಳಿ ದಾರಿಯಲ್ಲಿ. ಕೂಡಲಿಯಲ್ಲಿ ತುಂಗಾ, ಭದ್ರಾ ಎರಡೂ ಸೇರಿ ತುಂಗಭದ್ರೆಯಾಗುತ್ತವೆ. ಆದ್ದರಿಂದ ಇಲ್ಲಿಗೆ ಎರಡೂ ಹೊಳೆಗಳ ನೀರು ಬರುತ್ತದೆ.

ಹಾಗಾದರೆ ಮನೆ ನೋಡುವಾಗ ಏನು ಮಾಡಬೇಕು? ಮಾಲೀಕರನ್ನಷ್ಟೇ ಅಲ್ಲ, ಬೀದಿಯ ಕೊನೆಯ ಅಂಗಡಿಯವರನ್ನೂ ಕೇಳಿ. ‘ಇಲ್ಲಿ ನೀರು ಬರುತ್ತಾ?’ ಎಂದರೆ ‘ಇಲ್ಲ’ ಎಂದುಬಿಡುತ್ತಾರೆ. ‘2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?’ ಎಂದು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಕಾಂಪೌಂಡ್ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಅಡ್ಡಗೆರೆ ಇದೆಯೇ, ಅಕ್ಕಪಕ್ಕದ ಹೊಸ ಮನೆಗಳ ಪಾಯವನ್ನು ರಸ್ತೆಗಿಂತ ಬಹಳ ಎತ್ತರಿಸಿದ್ದಾರೆಯೇ ಗಮನಿಸಿ. ಅಕ್ಕಪಕ್ಕದವರು ಪಾಯ ಎತ್ತರಿಸಿದ್ದಕ್ಕೆ ಕಾರಣ ಇರುತ್ತದೆ.

‘ಹೊಸ ಪೇಂಟ್ ಹೊಡೆದಿದ್ದಾರೆ, ಮನೆ ಚೆನ್ನಾಗಿದೆ’

ಪೇಂಟ್ ಗೋಡೆಯ ಬಣ್ಣ ಬದಲಿಸುತ್ತದೆ, ಒಳಗಿನ ತೇವವನ್ನಲ್ಲ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಮಳೆಗಾಲದ ತೇವ ತಿಂಗಳುಗಟ್ಟಲೆ ಇರುತ್ತದೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಅಸ್ತಮಾ ಹಾಗೂ ಉಸಿರಾಟದ ತೊಂದರೆಗಳು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಮನೆಯಲ್ಲಿ ಚಿಕ್ಕ ಮಕ್ಕಳು, ದಮ್ಮು ಇರುವ ಹಿರಿಯರು ಇದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬೀರುವಿನ ಹಿಂದೆ, ಬಚ್ಚಲಿನ ಹೊರಗೋಡೆ, ಕಿಟಕಿಯ ಕೆಳಮೂಲೆ, ನೆಲದಿಂದ ಎರಡಡಿ ಎತ್ತರದ ಭಾಗ ನೋಡಿ. ಪೇಂಟ್ ಉಬ್ಬಿದ್ದರೆ, ಬಿಳಿ ಉಪ್ಪಿನ ಪುಡಿ ಉದುರಿದರೆ, ಮುಚ್ಚಿದ್ದ ಕೋಣೆ ತೆರೆದ ಕೂಡಲೇ ಮುಗ್ಗಲು ವಾಸನೆ ಬಂದರೆ ಅಲ್ಲಿ ತೇವವಿದೆ ಎಂದೇ ಲೆಕ್ಕ. ಮಳೆ ಬಿದ್ದ ಮಾರನೇ ದಿನ ಮತ್ತೊಮ್ಮೆ ಹೋಗಿ ನೋಡಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

‘ಟಿಡಿಎಸ್ 50ಕ್ಕಿಂತ ಕಡಿಮೆ ಇದ್ದರೆ ನೀರು ಶುದ್ಧ’

ತಪ್ಪು. ಟಿಡಿಎಸ್ ಮೀಟರ್ ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಅಂದಾಜು ಸಿಗುತ್ತದೆ, ಅಷ್ಟೇ. ರೋಗಾಣು ಇದೆಯೇ ಎಂದು ಅದು ಹೇಳುವುದಿಲ್ಲ. ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತಿದೆ ನಿಜ. ಆದರೆ ರುಚಿಯಾದ, ಮೆದುವಾದ ಹೊಳೆ ನೀರಲ್ಲೂ ರೋಗಾಣು ಇರಬಹುದು, ಶುದ್ಧೀಕರಿಸದೆ ಕುಡಿಯುವಂತಿಲ್ಲ.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಬೋರ್‌ವೆಲ್ ನೀರಿನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಫ್ಲೋರೈಡ್ ಮತ್ತು ನೈಟ್ರೇಟ್. ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಇವೆರಡೂ ಕುದಿಸಿದರೆ ಹೋಗುವುದಿಲ್ಲ. ಕುದಿಸುವುದರಿಂದ ಸಾಯುವುದು ರೋಗಾಣು ಮಾತ್ರ.

ಮನೆ ನೋಡುವಾಗ ಮೂರು ಪ್ರಶ್ನೆ ಸಾಕು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಬರುತ್ತದೆ? ಸಂಪು ಎಷ್ಟು ಲೀಟರಿನದು, ಎಷ್ಟು ಮನೆಗಳಿಗೆ ಅದೇ ಸಂಪು? ಹೋದ ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದ್ದರೇ? ಸಂಪು ಚರಂಡಿಗೆ ಅಥವಾ ಶೌಚದ ಗುಂಡಿಗೆ ತೀರಾ ಹತ್ತಿರವಿದ್ದರೆ ಎರಡು ಸಲ ಯೋಚಿಸಿ.

‘ಊರಾಚೆ ಮನೆ ಮಾಡಿದರೆ ದುಡ್ಡು ಉಳಿಯುತ್ತದೆ’

ಉಳಿಯಬಹುದು, ಲೆಕ್ಕ ಹಾಕಿದ ಮೇಲೆ. ಶಿವಮೊಗ್ಗದಲ್ಲಿ ಕೆಲಸ, ಭದ್ರಾವತಿಯಲ್ಲೋ ಹೊಳಲೂರಿನಲ್ಲೋ ಮನೆ ಎಂದುಕೊಳ್ಳಿ. ಎರಡೂ ಕಡೆ ದೂರ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹೋಗಿ ಬರಲು ದಿನಕ್ಕೆ 40, ತಿಂಗಳ 25 ದಿನಕ್ಕೆ 1000 ಕಿಲೋಮೀಟರ್. ಬೈಕು ಲೀಟರಿಗೆ 50 ಕೊಟ್ಟರೆ 20 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಹಿಡಿದರೂ ತಿಂಗಳಿಗೆ 2000. ಸರ್ವಿಸ್, ಟೈರು ಬೇರೆ. ಮನೆಯಲ್ಲಿ ಇಬ್ಬರು ಬೇರೆ ಬೇರೆ ಕಡೆ ಹೋಗುವವರಿದ್ದರೆ ಅದು ದುಪ್ಪಟ್ಟು.

ಬಾಡಿಗೆಯ ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಉಳಿತಾಯ. ಬಸ್ಸು ಅಥವಾ ರೈಲಿನ ವೇಳೆ ಹೊಂದಿದರೆ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಭಾನುವಾರ ಮಧ್ಯಾಹ್ನ ಖಾಲಿ ರಸ್ತೆಯಲ್ಲಿ ಹೋಗಿ ‘ಅರ್ಧ ಗಂಟೆ ಅಷ್ಟೇ’ ಎನ್ನಬೇಡಿ. ಕೆಲಸದ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಓಡಾಡಿ ನೋಡಿ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನೂ ಕೇಳಿ.

‘ಛಾಪಾ ಕಾಗದದಲ್ಲಿ ಬರೆಸಿದರೆ ಸಾಕು, ಭೋಗ್ಯ ಗಟ್ಟಿ’

ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಛಾಪಾ ಕಾಗದ ಬೇರೆ, ನೋಂದಣಿ ಬೇರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಬಾಡಿಗೆ ಕರಾರು 11 ತಿಂಗಳಿಗೆ ಬರೆಯುವ ರೂಢಿ ಬಂದದ್ದು ಈ ಕಾರಣಕ್ಕೆ. ಲಕ್ಷಾಂತರ ರೂಪಾಯಿ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳುವಾಗ ನೋಂದಣಿ ಬಿಟ್ಟರೆ, ತಕರಾರು ಬಂದ ದಿನ ನಿಮ್ಮ ಕಾಗದಕ್ಕೆ ಬಲ ಕಡಿಮೆ.

ಇನ್ನೊಂದು ಅಪಾಯ ಬ್ಯಾಂಕ್ ಸಾಲ. ಮಾಲೀಕರು ಮನೆಯನ್ನು ಮೊದಲೇ ಅಡವಿಟ್ಟು, ಕಂತು ಕಟ್ಟದಿದ್ದರೆ ಬ್ಯಾಂಕು ಮನೆ ವಶಪಡಿಸಿಕೊಳ್ಳಬಹುದು. ಆಗ ನಿಮ್ಮ ದುಡ್ಡು ಮಾಲೀಕರ ಹತ್ತಿರ, ನೀವು ಬೀದಿಯಲ್ಲಿ. ಹಾಗಾಗಿ ದುಡ್ಡು ಕೊಡುವ ಮುಂಚೆ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ತೆಗೆಸಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಆದ್ದರಿಂದ ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್ ಜಾಲತಾಣದಲ್ಲೂ ಹುಡುಕಿಸಿ, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಕಾರ್ಖಾನೆ ಅಥವಾ ಇಲಾಖೆಯ ಕ್ವಾರ್ಟರ್ಸ್ ಎಂದಾದರೆ ಬಾಡಿಗೆ ಕೇಳುತ್ತಿರುವವರಿಗೆ ಅದನ್ನು ಕೊಡುವ ಹಕ್ಕಿದೆಯೇ ಎಂದು ಮೊದಲು ಕೇಳಿ.

‘12 ವರ್ಷ ಬಾಡಿಗೆಗಿದ್ದರೆ ಮನೆ ನಮ್ಮದೇ’ ಎಂಬ ಫಾರ್ವರ್ಡ್ ಕೂಡ ಸುಳ್ಳು. 12 ವರ್ಷದ ಲೆಕ್ಕ ಮಾಲೀಕರ ಹಕ್ಕಿಗೆ ವಿರುದ್ಧವಾಗಿ ಸ್ವಾಧೀನದಲ್ಲಿರುವವರದು. ಬಾಡಿಗೆದಾರರು ಇರುವುದು ಮಾಲೀಕರ ಒಪ್ಪಿಗೆಯಿಂದ. ಎಷ್ಟು ವರ್ಷ ಬಾಡಿಗೆ ಕಟ್ಟಿದರೂ ಅದರಿಂದಲೇ ಒಡೆತನ ಬರುವುದಿಲ್ಲ.

‘ಟೋಕನ್ ಹಾಕಿ, ಮನೆ ಹಿಡಿದಿಡುತ್ತೇನೆ’

ದೂರದ ಊರಿನಿಂದ ಹುಡುಕುವವರಿಗೆ ಈ ಬಲೆ ಬೀಳುತ್ತದೆ. ಜಾಲತಾಣದಲ್ಲಿ ಚೆಂದದ ಫೋಟೋ, ಕಡಿಮೆ ಬಾಡಿಗೆ. ಫೋನ್ ಮಾಡಿದರೆ ‘ನಾನು ಸೇನೆಯಲ್ಲಿದ್ದೇನೆ, ಮನೆ ತೋರಿಸಲು ಆಗಲ್ಲ’ ಎಂದು ಗುರುತಿನ ಚೀಟಿಯ ಚಿತ್ರ ಕಳಿಸುತ್ತಾರೆ, ಇನ್ನಿಬ್ಬರು ಕಾಯುತ್ತಿದ್ದಾರೆ ಎಂದು ಅವಸರ ಮಾಡುತ್ತಾರೆ. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಆ ಊರಲ್ಲಿ ಪರಿಚಯದವರಿದ್ದರೆ ಅವರನ್ನು ಕಳಿಸಿ ನೋಡಿಸಿ. ‘ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ವಾಪಸ್ ಬರುತ್ತೆ’ ಎಂದರೆ ಅದು ಮೋಸವೇ. ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವ ದುಡ್ಡಿಗೆ ಪಿನ್ ಬೇಡ. ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಫಾರ್ವರ್ಡ್ ಮಾಡುವುದಿದ್ದರೆ ಈ ಪಟ್ಟಿ ಮಾಡಿ

1. ನೆರೆ: 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ.
2. ತೇವ: ಪೇಂಟ್ ನೋಡಬೇಡಿ, ಗೋಡೆಯ ಕೆಳಭಾಗ ಮತ್ತು ಬೀರುವಿನ ಹಿಂಭಾಗ ನೋಡಿ.
3. ಕುಡಿಯುವ ನೀರು: ಟಿಡಿಎಸ್ ಮಾತ್ರ ನಂಬಬೇಡಿ. ಬೋರ್‌ವೆಲ್ ಆದರೆ ಫ್ಲೋರೈಡ್, ನೈಟ್ರೇಟ್, ರೋಗಾಣು ಪರೀಕ್ಷೆ ಮಾಡಿಸಿ.
4. ಬಿಸಿಲು: ದಕ್ಷಿಣದ ಬಾಗಿಲಿಗೆ ಹೆದರಬೇಡಿ, ಪಶ್ಚಿಮದ ಗೋಡೆಗೆ ನೆರಳಿದೆಯೇ ನೋಡಿ.
5. ದಾರಿ: ಕೆಲಸದ ದಿನ ಬೆಳಿಗ್ಗೆ ಮತ್ತು ರಾತ್ರಿ ಓಡಾಡಿ ನೋಡಿ, ಪೆಟ್ರೋಲ್ ಲೆಕ್ಕವನ್ನು ಬಾಡಿಗೆಗೆ ಕೂಡಿಸಿ.
6. ಕಾಗದ: ಭೋಗ್ಯವಾದರೆ ಇ.ಸಿ. ನೋಡಿ, ನೋಂದಣಿ ಮಾಡಿಸಿ.
7. ದುಡ್ಡು: ಮನೆ ನೋಡದೆ ಟೋಕನ್ ಇಲ್ಲ.

ಏಳಕ್ಕೂ ಸರಿಹೊಂದುವ ಮನೆ ಒಂದೇ ವಾರದಲ್ಲಿ ಸಿಗದೇ ಇರಬಹುದು. ಸಿಗದಿದ್ದರೆ ಮೊದಲ ಮಳೆಗಾಲವನ್ನು ಬಾಡಿಗೆ ಮನೆಯಲ್ಲೇ ಕಳೆಯಿರಿ, ಭೋಗ್ಯ ಮತ್ತು ಖರೀದಿಯ ಮಾತು ಆಮೇಲೆ ಇರಲಿ. ಆಗಸ್ಟ್ ಮುಗಿಯುವ ಹೊತ್ತಿಗೆ ಯಾವ ಬಡಾವಣೆ ಎತ್ತರದಲ್ಲಿದೆ, ಯಾವುದು ತಗ್ಗಿನಲ್ಲಿದೆ ಎಂದು ಯಾರೂ ಹೇಳಬೇಕಿಲ್ಲ, ನಿಮಗೇ ಗೊತ್ತಾಗಿರುತ್ತದೆ.