ಸಣ್ಣ ವ್ಯಾಪಾರಿಯ ಜಾಲತಾಣವೂ ಗೂಗಲ್ ಶೋಧವೂ

ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ವೈದ್ಯ ಮಿತ್ರರು ರಕ್ತದೊತ್ತಡ, ಮಧುಮೇಹಗಳ ವಿಷಯವಾಗಿ ಅಧಿಕಾರವಾಣಿಯಿಂದ ಬರೆಯುತ್ತಿರುವಾಗ, ವಾಣಿಜ್ಯ ಪದವಿಯೊಂದನ್ನು ಪಡೆದು ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕಡತಗಳಲ್ಲಿ ತಲೆ ಹುದುಗಿಸಿಕೊಂಡಿರುವ ನನ್ನಂಥವನು ಆರೋಗ್ಯದ ಬಗ್ಗೆ ಏನನ್ನು ತಾನೇ ಹೇಳಬಲ್ಲನು? ಆದರೂ ಸಂಪಾದಕರ ಒತ್ತಾಯವನ್ನು ಮೀರಲಾರದೆ, ವ್ಯಾಪಾರದ ಆರೋಗ್ಯಕ್ಕೆ ಸಂಬಂಧಪಟ್ಟ ಪ್ರಸಂಗವೊಂದನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಳೆದ ವರ್ಷ ಡೊಂಬಿವಲಿಯಲ್ಲಿ ಕೇಟರಿಂಗ್ ವ್ಯವಹಾರ ನಡೆಸುತ್ತಿರುವ, ಮೂಲತಃ ಕುಂದಾಪುರದ ಕಡೆಯ ಹಿರಿಯರೊಬ್ಬರು ಸಾಲದ ಮಿತಿಯನ್ನು ಏರಿಸಿಕೊಳ್ಳಲು ನಮ್ಮ ಶಾಖೆಗೆ ಬಂದಿದ್ದರು. (ಗ್ರಾಹಕರ ಗುಟ್ಟನ್ನು ಕಾಯುವುದು ನಮ್ಮ ವೃತ್ತಿಧರ್ಮವಾದುದರಿಂದ ಹೆಸರು ಹೇಳಲಾರೆ, ಪ್ರಸಂಗವನ್ನು ಬರೆಯಲು ಅವರ ಅನುಮತಿ ಪಡೆದಿದ್ದೇನೆ.) ಲೆಕ್ಕಪತ್ರ ನೋಡುತ್ತಿದ್ದಾಗ ‘ವೆಬ್‌ಸೈಟ್ ಪ್ರಚಾರ’ ಎಂಬ ಬಾಬಿನಲ್ಲಿ ತಿಂಗಳಿಗೆ 8,000 ರೂಪಾಯಿಯಂತೆ ಹನ್ನೊಂದು ತಿಂಗಳ ಖರ್ಚು ಕಣ್ಣಿಗೆ ಬಿತ್ತು. ಒಟ್ಟು 88,000 ರೂಪಾಯಿ. ಇದರಿಂದ ಎಷ್ಟು ಮದುವೆಗಳು ಬಂದವೆಂದು ಕೇಳಿದೆ.

“ಒಂದೂ ಇಲ್ಲ ಮಾರಾಯ್ರೆ. ಗೂಗಲಿನಲ್ಲಿ ಮೊದಲ ಸ್ಥಾನ ಗ್ಯಾರಂಟಿ ಅಂತ ಹೇಳಿದ್ದರು.”

ಇಲ್ಲಿಯೇ ಮೊದಲ ಮೋಸವಿದೆ. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಸ್ಪಷ್ಟವಾಗಿ ಸಾರಿದೆ. ಹಣ ತೆತ್ತು ಜಾಹೀರಾತು ಹಾಕಬಹುದು. ಅದು ಜಾಹೀರಾತೆಂಬ ಗುರುತಿನೊಡನೆ ಬೇರೆಯಾಗಿಯೇ ಕಾಣುತ್ತದೆ. ಸಹಜ ಫಲಿತಾಂಶಗಳಲ್ಲಿ ಮೇಲೇರಲು ಗೂಗಲಿಗೆ ಕಟ್ಟಬೇಕಾದ ಶುಲ್ಕವೆಂಬುದು ಇಲ್ಲ.

ಈ ಯಂತ್ರದ ಕಾರ್ಯವಿಧಾನವನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುವುದು ನನಗೆ ಸುಲಭ. 1998ರಲ್ಲಿ ಗೂಗಲನ್ನು ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಗಳು. ಒಂದು ಪುಟದ ಕಡೆಗೆ ಬೇರೆ ಪುಟಗಳು ಎಷ್ಟು ಬೊಟ್ಟುಮಾಡುತ್ತವೆ, ಹಾಗೆ ಬೊಟ್ಟುಮಾಡುವವರ ಯೋಗ್ಯತೆ ಏನು ಎಂಬುದರ ಮೇಲೆ ಆ ಪುಟದ ಬೆಲೆ ಕಟ್ಟಬಹುದೆಂಬುದು ಅವರ ಯೋಚನೆ. ಹಿಂದೆ ಖಾತೆ ತೆರೆಯಲು ಹಳೆಯ ಖಾತೆದಾರನ ಪರಿಚಯದ ಸಹಿ ಬೇಕಾಗುತ್ತಿತ್ತಲ್ಲವೆ, ಅಂತೆಯೇ ಇದು. ಈಗ ಆ ಸಹಿಯೊಂದೇ ಸಾಲದು. ಇನ್ನೂ ಅನೇಕ ಅಂಶಗಳನ್ನು ಅಳೆಯುತ್ತಾರೆ. ಆದರೆ ಇವೆಲ್ಲಕ್ಕೂ ಮುನ್ನ ಗೂಗಲಿನ ಯಂತ್ರವು ಪುಟಕ್ಕೆ ಬರಬೇಕು, ಓದಬೇಕು, ತನ್ನ ಸೂಚಿಯಲ್ಲಿ ದಾಖಲಿಸಿಕೊಳ್ಳಬೇಕು. ದಾಖಲೆಯಲ್ಲಿಲ್ಲದ ಪುಟಕ್ಕೆ ಸ್ಥಾನವೆಲ್ಲಿಯದು?

ಕುತೂಹಲದಿಂದ ಗೂಗಲಿನಲ್ಲಿ ‘ಸೈಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕೆಯ ವಿವರಣ ಚಿಹ್ನೆಯಿಟ್ಟು, ನಡುವೆ ಸ್ಥಳ ಬಿಡದೆ ಅವರ ಜಾಲತಾಣದ ವಿಳಾಸವನ್ನು ಬರೆದು ಹುಡುಕಿದೆ. ಸಾಮಾನ್ಯವಾಗಿ ಹೀಗೆ ಹುಡುಕಿದರೆ ಆ ತಾಣದ ದಾಖಲಾದ ಪುಟಗಳು ಕಾಣುತ್ತವೆ. ಅವರದು ಒಂದೂ ಕಾಣಲಿಲ್ಲ! ಜಾಲತಾಣ ಕಟ್ಟುತ್ತಿರುವಾಗ, ಅರೆಬರೆ ಪುಟಗಳು ಹೊರಗೆ ಕಾಣದಿರಲೆಂದು ‘ಸೂಚಿಗೆ ಸೇರಿಸಬೇಡ’ ಎಂಬ ಆಜ್ಞೆಯನ್ನು ಇಡುವ ಪದ್ಧತಿಯುಂಟು. ಕಟ್ಟಿದವರು ಅದನ್ನು ತೆಗೆಯಲು ಮರೆತಿದ್ದರು. ಬಾಗಿಲಿಗೆ ಬೀಗ ಜಡಿದು ಹನ್ನೊಂದು ತಿಂಗಳು ಪ್ರಚಾರ ನಡೆದಿತ್ತು.

ಇನ್ನುಳಿದ ದೋಷಗಳೂ ಸಾಮಾನ್ಯವಾದವೇ. ಪುಟದ ತುಂಬ ‘ರುಚಿಯ ಪರಂಪರೆ’, ‘ಅತಿಥಿ ದೇವೋ ಭವ’ ಮುಂತಾದ ಘನವಾದ ಮಾತುಗಳಿದ್ದುವೇ ಹೊರತು, ‘ಕೇಟರಿಂಗ್’ ಎಂಬ ಪದವಾಗಲಿ ‘ಡೊಂಬಿವಲಿ’ ಎಂಬ ಊರಿನ ಹೆಸರಾಗಲಿ ಅಕ್ಷರರೂಪದಲ್ಲಿ ಎಲ್ಲಿಯೂ ಇರಲಿಲ್ಲ. ನೀರುದೋಸೆ, ಕೊಟ್ಟೆ ಕಡುಬುಗಳ ಪಟ್ಟಿಯೂ ದೂರವಾಣಿ ಸಂಖ್ಯೆಯೂ ಚಿತ್ರದೊಳಗೆ ಅಚ್ಚಾಗಿದ್ದವು. ಮನುಷ್ಯನ ಕಣ್ಣಿಗೆ ಸೊಗಸು. ಆದರೆ ಚಿತ್ರದೊಳಗಿನ ಬರಹವನ್ನೇ ನಂಬಿ ಶೋಧಯಂತ್ರದ ಮುಂದೆ ನಿಲ್ಲುವುದು ಜಾಣತನವಲ್ಲ. ಪುಟದ ಶೀರ್ಷಿಕೆ, ಅಂದರೆ ಗೂಗಲ್ ಫಲಿತಾಂಶದಲ್ಲಿ ಸಾಮಾನ್ಯವಾಗಿ ದಪ್ಪವಾಗಿ ಕಾಣುವ ಸಾಲು, ಬರಿಯ ‘ಹೋಮ್’ ಎಂದಿತ್ತು. ಕಾಣದ ಭಾಗದಲ್ಲಿ ಮಾತ್ರ ಇನ್ನೂರರಷ್ಟು ‘ಕೀವರ್ಡ್’ಗಳನ್ನು ತುರುಕಿದ್ದರು. ಆ ಕೀವರ್ಡ್ ಪಟ್ಟಿಯನ್ನು ಸ್ಥಾನ ನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿದೆ!

ಹಿರಿಯರ ಕಿರಿಯ ಮಗ ಕಾಲೇಜು ವಿದ್ಯಾರ್ಥಿ. ಎರಡು ಭಾನುವಾರಗಳಲ್ಲಿ ಆತನೇ ಇವನ್ನೆಲ್ಲ ತಿದ್ದಿದ. ಮದುವೆ, ಗೃಹಪ್ರವೇಶ, ಶ್ರಾದ್ಧದ ಊಟ ಇವಕ್ಕೆ ಬೇರೆ ಬೇರೆ ಪುಟಗಳಾದವು. ಗ್ರಾಹಕರು ಫೋನಿನಲ್ಲಿ ನಿತ್ಯ ಕೇಳುವ ಪ್ರಶ್ನೆಗಳಿಗೆ (ಕನಿಷ್ಠ ಎಷ್ಟು ಎಲೆ, ಬಡಿಸುವವರು ಬರುತ್ತಾರೆಯೇ) ಅಲ್ಲಿಯೇ ಉತ್ತರ ಬರೆದರು. ಕನ್ನಡದ ಮೇಲೆ ನಮಗೆಷ್ಟೇ ಅಭಿಮಾನವಿರಲಿ, ಇಲ್ಲಿನ ಗಿರಾಕಿ ಹುಡುಕುವುದು ಹೆಚ್ಚಾಗಿ ಇಂಗ್ಲಿಷ್, ಮರಾಠಿಗಳಲ್ಲಿ. ಆದ್ದರಿಂದ ಆ ಭಾಷೆಗಳಲ್ಲೂ ಪುಟಗಳಿರಬೇಕೆಂದು ನಾನು ಹಟ ಹಿಡಿದೆ. ಮೊಬೈಲಿನಲ್ಲಿ ತೆರೆಯಲು ತಡವಾಗುತ್ತಿದ್ದ ಭಾರಿ ಗಾತ್ರದ ಫೋಟೋಗಳನ್ನು ಕಿರಿದುಗೊಳಿಸಿದನು. ‘ಸರ್ಚ್ ಕನ್ಸೋಲ್’ ಎಂಬ ಗೂಗಲಿನ ಉಚಿತ ಸಾಧನದಲ್ಲಿ ತಾಣವನ್ನು ನೋಂದಾಯಿಸಿದನು. ಯಾವ ಪುಟ ಸೂಚಿಗೆ ಸೇರಿದೆ, ಯಾವುದು ಏಕೆ ಸೇರಿಲ್ಲ ಎಂಬುದನ್ನು ಅದು ತಿಳಿಸುತ್ತದೆ.

ಸ್ಥಳೀಯ ವ್ಯಾಪಾರಕ್ಕೆ ಇದಕ್ಕಿಂತಲೂ ಮುಖ್ಯವಾದುದು, ಮ್ಯಾಪಿನಲ್ಲಿ ಕಾಣುವ ‘ಗೂಗಲ್ ಬಿಸಿನೆಸ್ ಪ್ರೊಫೈಲ್’. ಇದೂ ಉಚಿತವೇ. ಹುಡುಕಿದ ವಿಷಯಕ್ಕೆ ಹೊಂದಿಕೆ, ಹುಡುಕುವವನಿಂದ ಇರುವ ದೂರ, ವ್ಯಾಪಾರದ ಪ್ರಸಿದ್ಧಿ ಈ ಮೂರನ್ನು ಮುಖ್ಯವಾಗಿ ನೋಡಿ ಅಲ್ಲಿ ಸ್ಥಾನ ಕೊಡುತ್ತಾರೆ. ದೂರವನ್ನು ನಾವು ಬದಲಿಸಲಾರೆವು. ಆದರೆ ಹೆಸರು, ವಿಳಾಸ, ವೇಳೆ, ಫೋನ್ ಸಂಖ್ಯೆಗಳನ್ನು ಎಲ್ಲೆಡೆಯೂ ಒಂದೇ ರೀತಿ ಇಡಬಹುದು. ಗ್ರಾಹಕರ ಅಭಿಪ್ರಾಯಗಳನ್ನು ಕೇಳಿ ಪಡೆಯುವುದರಲ್ಲಿ ತಪ್ಪಿಲ್ಲ. ಕೊಂಡು ತರುವುದು ಗೂಗಲಿನ ನಿಯಮಕ್ಕೆ ವಿರುದ್ಧ. ಬಂಧುಬಳಗದವರಿಂದ ಐದೈದು ನಕ್ಷತ್ರ ಹಾಕಿಸುವ ಆಸೆ ನಮ್ಮ ಹಿರಿಯರಿಗೂ ಬಂದಿತ್ತೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಮಾಡಿದ ತಿದ್ದುಪಡಿಗಳಲ್ಲಿ ಕೆಲವು ಬೇಗನೆ ಫಲ ಕೊಡಬಹುದು, ಕೆಲವಕ್ಕೆ ತಿಂಗಳುಗಳೇ ಬೇಕಾಗಬಹುದು. ಇವರಿಗೆ ನಾಲ್ಕನೆಯ ತಿಂಗಳಲ್ಲಿ ಠಾಕುರ್ಲಿಯಿಂದ ಒಂದು ಗೃಹಪ್ರವೇಶದ ಕರೆ ಬಂತು. ಆನಂತರ ಎರಡು ಉಪನಯನಗಳು. ತಿಂಗಳ 8,000 ರೂಪಾಯಿ ನಿಂತಿತು. ಸಾಲದ ಮಿತಿಯೂ ಮಂಜೂರಾಯಿತು, ಅದು ಬೇರೆ ಮಾತು.

ಒಂದು ತೊಡಕು ಮಾತ್ರ ಉಳಿದಿದೆ. ಜಾಲತಾಣದ ವಿಳಾಸವನ್ನು ಆ ಪ್ರಚಾರದವರು ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದಾರೆಂಬುದು ತಡವಾಗಿ ತಿಳಿಯಿತು. ಅಂಗಡಿ ನಮ್ಮದು, ಪತ್ರ ಅವರ ಹೆಸರಿನಲ್ಲಿ. ನವೀಕರಣದ ದಿನ ಮಾರ್ಚಿನಲ್ಲಿ ಬರುತ್ತದೆ. ಹಿರಿಯರು ವಾರಕ್ಕೊಮ್ಮೆ ಅವರಿಗೆ ಫೋನು ಮಾಡುತ್ತಿದ್ದಾರೆ.